ರಾಯಚೂರು ಸೀಮೆಯ ‘ಸರಕಾರ’

‘ಸರಕಾರ’ ಪಾರಸಿ ಮೂಲದ ಮಾತು. ‘ಸರ್’ ಎಂದರೆ ತಲೆ, ‘ಕಾರ್’ ಎಂದರೆ ಕೆಲಸ. ಎರಡೂ ಕೂಡಿ ಕೆಲಸಕ್ಕೆ ಯಜಮಾನನಾದವನು ಎಂಬ ಅರ್ಥ ಕೊಡುತ್ತವೆ. ಮೈಸೂರು ಕಡೆ ‘ಸರ್ಕಾರ’ ಎಂದು ಒತ್ತಕ್ಷರದಲ್ಲಿ ಬರೆಯುವುದನ್ನು ರಾಯಚೂರು, ದೇವದುರ್ಗ, ಮಾನ್ವಿಯವರು ‘ಸರಕಾರ’ ಎಂದು ಬಿಡಿಸಿ ಹೇಳುತ್ತಾರೆ.

ಕೃಷ್ಣೆ, ತುಂಗಭದ್ರೆಗಳ ನಡುವಿನ ಈ ನಾಡನ್ನು ಶಾಸನಗಳು ಎಡೆದೊರೆ ಎಂದು ಕರೆದಿವೆ. ಆಗ ಆಡಳಿತಕ್ಕೆ ಕನ್ನಡದ್ದೇ ಮಾತುಗಳಿದ್ದವು: ಆಳು, ಆಳ್ವಿಕೆ, ಒಡೆತನ, ಅರಸು. ಒಡೆಯನ ಕೆಲಸವಾದ ‘ಆಳು’, ಅವನ ಕೈಕೆಳಗಿನ ಮನುಷ್ಯನಾದ ‘ಆಳು’, ಎರಡಕ್ಕೂ ಕನ್ನಡದಲ್ಲಿ ಒಂದೇ ರೂಪವಿರುವುದು ಗಮನಿಸತಕ್ಕದ್ದು. ರಾಯಚೂರು ಕೋಟೆಗಾಗಿ 1520ರಲ್ಲಿ ಕೃಷ್ಣದೇವರಾಯನಿಗೂ ಇಸ್ಮಾಯಿಲ್ ಆದಿಲ್ ಶಾಹನಿಗೂ ಯುದ್ಧ ನಡೆಯಿತು. ಬಹಮನಿ, ಆದಿಲ್ ಶಾಹಿ ಆಳ್ವಿಕೆಗಳ ಕಾಲದಲ್ಲಿ ಪಾರಸಿ ಮಾತುಗಳು ಇಲ್ಲಿಯ ಲೆಕ್ಕಪತ್ರಗಳಲ್ಲಿ ಬೇರುಬಿಟ್ಟವು.

1686ರಲ್ಲಿ ಬಿಜಾಪುರ ಔರಂಗಜೇಬನ ವಶವಾಯಿತು. ಮೊಗಲರ ಲೆಕ್ಕದಲ್ಲಿ ‘ಸರ್ಕಾರ್’ ಒಂದು ಪ್ರದೇಶದ ಹೆಸರು: ಹಲವು ಪರಗಣೆಗಳು ಸೇರಿ ಒಂದು ಸರ್ಕಾರ್, ಹಲವು ಸರ್ಕಾರ್‌ಗಳು ಸೇರಿ ಒಂದು ಸುಬಾ. ರಾಯಚೂರಿಗೆ ಫಿರೋಜ್‌ನಗರ ಎಂಬ ಹೆಸರಿಟ್ಟು ಬಿಜಾಪುರ ಸುಬಾದ ಒಂದು ಸರ್ಕಾರ್ ಮಾಡಿದರು. ಆ ಹೆಸರೂ ಆ ಅರ್ಥವೂ ಇಂದು ಜನರ ಬಾಯಲ್ಲಿಲ್ಲ.

ಉಳಿದುಕೊಂಡದ್ದು ಮೊಗಲರ ನಂತರ ಇಲ್ಲಿ ಆಳಿದ ಹೈದರಾಬಾದಿನ ನಿಜಾಮರ ಕಾಲದ ಅರ್ಥ: ಆಳುವ ಅಧಿಕಾರ. ಹೈದರಾಬಾದ್ ರಾಜ್ಯದ ಅಂಚೆಚೀಟಿಗಳ ಮೇಲೆ ‘ಸರ್ಕಾರ್ ಆಸಫಿಯಾ’ ಎಂದೇ ಅಚ್ಚಾಗುತ್ತಿತ್ತು. ನಡುವೆ 1853ರಲ್ಲಿ, ಹೈದರಾಬಾದ್ ಕಂಟಿಂಜೆಂಟ್ ಸೈನ್ಯದ ಖರ್ಚಿಗೆಂದು ಎರಡು ನದಿಗಳ ನಡುವಿನ ಈ ರಾಯಚೂರು ದೋಆಬನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಡಲಾಯಿತು. 1860ರಲ್ಲಿ ಅದು ನಿಜಾಮನಿಗೆ ಮರಳಿತು. ಏಳೇ ವರ್ಷಗಳಲ್ಲಿ ಒಕ್ಕಲಿಗನು ಕುಂಪಣಿ ಸರಕಾರ, ರಾಣಿ ಸರಕಾರ, ನಿಜಾಮ ಸರಕಾರ ಮೂರನ್ನೂ ಕಂಡ. ಯಾರ ಕಾಲದಲ್ಲೂ ಅವನನ್ನು ಒಂದು ಮಾತು ಕೇಳಿದವರಿಲ್ಲ.

1865ರಲ್ಲಿ ಹೈದರಾಬಾದಿನ ದಿವಾನ ಒಂದನೆಯ ಸಾಲಾರ್ ಜಂಗ್ ಜಿಲ್ಲೆಗಳ ಹೊಸ ವ್ಯವಸ್ಥೆ ತಂದ. ಜಿಲ್ಲೆಗೆ ಅವ್ವಲ್ ತಾಲೂಕ್ದಾರ, ತಾಲ್ಲೂಕಿಗೆ ತಹಸೀಲ್ದಾರ, ಅವನ ಕೆಳಗೆ ಗಿರ್ದಾವರ. ಊರಿನಲ್ಲಿ ಕಂದಾಯ ನೋಡುವವನು ಮಾಲಿಪಾಟೀಲ, ಕಾವಲು ನೋಡುವವನು ಪೊಲೀಸ್ ಪಾಟೀಲ, ಲೆಕ್ಕ ಬರೆಯುವವನು ಕುಲಕರ್ಣಿ. ಆ ಹುದ್ದೆಗಳು ಹೋಗಿ ಎಷ್ಟೋ ವರ್ಷಗಳಾದರೂ ಮಾಲಿಪಾಟೀಲ, ಪೊಲೀಸ್ ಪಾಟೀಲ ಎಂಬ ಅಡ್ಡಹೆಸರುಗಳು ಈ ಭಾಗದಲ್ಲಿ ಇಂದಿಗೂ ಇವೆ.

ಎಲ್ಲ ನೆಲವೂ ನೇರವಾಗಿ ಸರಕಾರದ್ದಾಗಿರಲಿಲ್ಲ. ಖಜಾನೆಗೆ ಕಂದಾಯ ಕಟ್ಟುವ ಹಳ್ಳಿಗಳು ದಿವಾನಿ, ನಿಜಾಮನ ಸ್ವಂತ ಖರ್ಚಿಗೆ ಮೀಸಲಾದವು ಸರ್ಫ್-ಎ-ಖಾಸ್. ಉಳಿದವು ಜಾಗೀರುದಾರರ, ಸಂಸ್ಥಾನಿಕರ ಕೈಯಲ್ಲಿದ್ದವು. ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಾಗೀರು. ಗುರುಗುಂಟಾ, ಗದ್ವಾಲ್ ಸಂಸ್ಥಾನಗಳು. ಬೇಡ ನಾಯಕರ ನೆಲೆಯಾಗಿದ್ದ ದೇವದುರ್ಗದ ಕಡೆ ‘ದೊರೆ’ ಎಂಬ ಮಾತಿಗೆ ಇಂದಿಗೂ ತೂಕವಿದೆ. ದೊರೆ ಎಂದರೆ ಕಣ್ಣಿಗೆ ಕಾಣುವವನು, ಕರೆದರೆ ಓಗೊಡುವಷ್ಟು ಹತ್ತಿರದವನು. ಆಗ ಸರಕಾರ ದೂರದ್ದು, ಉರ್ದುವಿನಲ್ಲಿ ಬರೆಯುವಂಥದ್ದಾಗಿತ್ತು. ಈ ದೂರವೇ ಆ ಪದಕ್ಕೆ ಅಂಟಿದ ಭಯದ ಮೂಲ.

ಆ ಭಯ ನಿತ್ಯದ ಮಾತಿನಲ್ಲಿ ಇಂದಿಗೂ ಉಳಿದಿದೆ. ‘ಸರಕಾರದವ್ರು ಬಂದಾರ’ ಎಂದರೆ ಅಧಿಕಾರಿಗಳು ಬಂದಿದ್ದಾರೆ ಎಂದರ್ಥ. ‘ಸರಕಾರ ಜಮಾ’ ಆಯಿತೆಂದರೆ ಆಸ್ತಿ ಕೈಬಿಟ್ಟಿತು. ಆದರೆ ‘ಸರಕಾರಿ ಸಾಲಿ’, ‘ಸರಕಾರಿ ದವಾಖಾನಿ’, ‘ಸರಕಾರಿ ಬಾವಿ’ ಎನ್ನುವಾಗ ಅದೇ ಪದ ದುಡ್ಡಿಲ್ಲದವನಿಗೂ ಬಾಗಿಲು ತೆರೆದಿದೆ ಎನ್ನುತ್ತದೆ. ನೆರೆಯ ತೆಲುಗರು ಬಿತ್ತದೆಯೇ ಎಲ್ಲೆಡೆ ಹಬ್ಬುವ ಬಳ್ಳಾರಿ ಜಾಲಿಯನ್ನು ‘ಸರ್ಕಾರು ತುಮ್ಮ’ ಎನ್ನುತ್ತಾರೆ.

1948ರ ಸೆಪ್ಟೆಂಬರ್ 17ರಂದು ನಿಜಾಮನ ಆಳ್ವಿಕೆ ಕೊನೆಗೊಂಡಿತು. ಮರುವರ್ಷ ಜಾಗೀರುಗಳು ರದ್ದಾದವು. 1952ರಲ್ಲಿ ಮೊದಲ ಸಾರ್ವತ್ರಿಕ ಚುನಾವಣೆಯಿಂದ ಬೂರ್ಗುಲ ರಾಮಕೃಷ್ಣ ರಾವ್ ಅವರ ಸಚಿವ ಸಂಪುಟ ಹೈದರಾಬಾದಿನಲ್ಲಿ ಅಧಿಕಾರಕ್ಕೆ ಬಂತು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದರೆ ಗದ್ವಾಲ್, ಆಲಂಪುರ ತಾಲ್ಲೂಕುಗಳು ಆಂಧ್ರಕ್ಕೆ ಹೋದವು.

ಚುನಾವಣೆ ಬಂದ ಮೇಲೆ ಪದದ ಜೊತೆಗಿನ ಕ್ರಿಯಾಪದಗಳೇ ಬದಲಾದವು. ನಿಜಾಮನ ಕಾಲದಲ್ಲಿ ಸರಕಾರ ಕೇಳುತ್ತಿತ್ತು, ಕೊಡುತ್ತಿತ್ತು, ಹಿಡಿಯುತ್ತಿತ್ತು. ಈಗ ಸರಕಾರವನ್ನು ಜನ ತರುತ್ತಾರೆ; ಸರಕಾರ ಬೀಳುತ್ತದೆ, ಉರುಳುತ್ತದೆ, ಮತ್ತೆ ರಚನೆಯಾಗುತ್ತದೆ. ಪದದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತಿರುವು ಇಲ್ಲ. ಆದರೂ ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದಲ್ಲಿರುವ ಮಾನ್ವಿಯ ರೈತನ ಮಾತು ‘ಸರಕಾರ ನೀರು ಬಿಡಬೇಕು’ ಎಂಬುದೇ ಆಗಿದೆ.