ಫ್ರಾನ್ಸಿನ ಸೆನೆಗಲ್ ಮತ್ತು ಯುಗೊಸ್ಲಾವಿಯಾ ವಲಸಿಗರು

ಎರಡನೆಯ ಮಹಾಯುದ್ಧದ ನಂತರ ದುಡಿಯುವ ಕೈಗಳ ಕೊರತೆ ನೀಗಿಸಿಕೊಳ್ಳಲು ಫ್ರಾನ್ಸ್ 1964ರಲ್ಲಿ ಸೆನೆಗಲ್ ಜೊತೆಗೂ 1965ರಲ್ಲಿ ಯುಗೊಸ್ಲಾವಿಯಾ ಜೊತೆಗೂ ವಲಸೆ ಒಪ್ಪಂದ ಮಾಡಿಕೊಂಡಿತು. ಎರಡೂ ಸಮುದಾಯಗಳ ಅನೇಕರು ಹಳ್ಳಿಗಳಿಂದ ಬಂದು ಕಾರು ಕಾರ್ಖಾನೆ, ಕಟ್ಟಡ ಕೆಲಸಗಳಿಗೆ ಸೇರಿದರು. 1974ರಲ್ಲಿ ಫ್ರಾನ್ಸ್ ಕಾರ್ಮಿಕ ವಲಸೆಯನ್ನು ನಿಲ್ಲಿಸಿತು.

ಆರಂಭ ಒಂದೇ ಬಗೆಯದಾದರೂ ಬದುಕು ಕವಲೊಡೆಯಿತು. ಯುಗೊಸ್ಲಾವಿಯಾದಿಂದ ಹೆಂಗಸರೂ ದುಡಿಮೆಗೆ ಬಂದರು. ಮನೆಯಲ್ಲಿ ಎರಡು ಸಂಪಾದನೆ ಇರುವುದು ಸಾಧ್ಯವಾಯಿತು. ಉಳಿತಾಯ ಪೂರ್ವ ಸರ್ಬಿಯಾದ ಊರುಗಳಲ್ಲಿ ದೊಡ್ಡ ಮನೆಗಳಾಗಿ ಎದ್ದು ನಿಂತಿತು. ಸೆನೆಗಲ್ ನದಿ ಕಣಿವೆಯ ಸೊನಿಂಕೆ ಜನಾಂಗದ ಗಂಡಸರು ಬಹುಪಾಲು ಒಂಟಿಯಾಗಿ ಬಂದು ಕಾರ್ಮಿಕ ವಸತಿಗೃಹಗಳಲ್ಲಿ ಕಿಕ್ಕಿರಿದು ಉಳಿದರು. 1970ರ ದಶಕದಲ್ಲಿ ಅಂಥ ವಸತಿಗೃಹಗಳಲ್ಲಿ ದೀರ್ಘ ಬಾಡಿಗೆ ಮುಷ್ಕರಗಳೇ ನಡೆದವು. ಇಷ್ಟರ ನಡುವೆಯೂ ಅವರು ಊರಿನ ಸಂಘಗಳಿಗೆ ವಂತಿಗೆ ಹಾಕಿ ಶಾಲೆ, ಚಿಕಿತ್ಸಾಲಯ, ಮಸೀದಿ ಕಟ್ಟಿಸಿದ್ದು ದೊಡ್ಡ ಸಾಧನೆ. ಆದಾಯವನ್ನಷ್ಟೇ ಅಳೆಯುವ ಹೋಲಿಕೆಗೆ ಇದು ಕಾಣುವುದಿಲ್ಲ.

ಫ್ರಾನ್ಸಿನಲ್ಲೇ ಬೆಳೆದ ಮಕ್ಕಳ ಕಾಲಕ್ಕೂ ಅಂತರ ಅಳಿಯಲಿಲ್ಲ. 2008–09ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಯುರೋಪಿಯನ್ ಮೂಲದವರಿಗಿಂತ ಸಹಾರಾದ ದಕ್ಷಿಣದ ಆಫ್ರಿಕನ್ ಮೂಲದವರು ಹೆಚ್ಚು ತಾರತಮ್ಯ ಅನುಭವಿಸಿದ್ದಾಗಿ ಹೇಳಿದರು. ದುಡಿಮೆಯ ಗುಣದಿಂದ ಇದನ್ನು ವಿವರಿಸಲಾಗದು. ಬಣ್ಣ, ಧರ್ಮ ಎರಡೂ ಅಡ್ಡ ಬರುತ್ತವೆ. 2009ರ ಪ್ರಯೋಗವೊಂದರಲ್ಲಿ ಸಮಾನ ಅರ್ಹತೆಯ, ಒಂದೇ ಸೆನೆಗಲ್ ಮನೆತನದ ಹೆಸರಿನ ಇಬ್ಬರು ಕಾಲ್ಪನಿಕ ಅಭ್ಯರ್ಥಿಗಳ ಅರ್ಜಿಗಳನ್ನು ಕಳಿಸಲಾಯಿತು. ಕ್ರೈಸ್ತ ಹೆಸರಿನ ಅಭ್ಯರ್ಥಿಗೆ ಶೇ 21ರಷ್ಟು, ಮುಸ್ಲಿಂ ಹೆಸರಿನ ಅಭ್ಯರ್ಥಿಗೆ ಶೇ 8ರಷ್ಟು ಅರ್ಜಿಗಳಿಗೆ ಮಾತ್ರ ಸಂದರ್ಶನದ ಕರೆ ಬಂತು.