ಬೊಕ್ಕಸಕ್ಕೆ ಒಗ್ಗದ ಹೆಂಡ

ಈಚಲು ಮರದ ನೆತ್ತಿಯ ಬಳಿ ಕಚ್ಚು ಹಾಕಿ ಸಂಜೆ ಮಡಕೆ ಕಟ್ಟಿದರೆ ಬೆಳಗಾಗುವಷ್ಟರಲ್ಲಿ ಸಿಹಿ ರಸ ತುಂಬಿರುತ್ತದೆ. ಕರಾವಳಿಯಲ್ಲಿ ತೆಂಗಿನ ಅರಳದ ಹೊಂಬಾಳೆಯನ್ನು ಬಿಗಿದು ಕಟ್ಟಿ, ಮೆಲ್ಲಗೆ ಬಡಿದು, ದಿನವೂ ತುದಿಯನ್ನು ತೆಳ್ಳಗೆ ಕೊಯ್ದು ರಸ ಇಳಿಸುತ್ತಾರೆ. ಮಡಕೆಯ ಒಳಮೈಗೆ ಸುಣ್ಣ ಬಳಿದಿದ್ದರೆ ಅದು ಹುಳಿಯದೆ ನಿಂತು, ಕಾಯಿಸಿದರೆ ಬೆಲ್ಲವಾಗುತ್ತದೆ. ಸುಣ್ಣವಿಲ್ಲದಿದ್ದರೆ ತಾನಾಗಿ ಹುದುಗಿ, ಬಿಸಿಲೇರುವ ಹೊತ್ತಿಗೆ ಹೆಂಡವಾಗಿ, ಮರುದಿನಕ್ಕೆ ಕೆಡುತ್ತದೆ. ಇಳಿಸಿದ ಊರಿನಲ್ಲೇ, ಇಳಿಸಿದ ದಿನವೇ ಮುಗಿಯಬೇಕಾದ ಪೇಯವಾದ್ದರಿಂದ ಅದು ಬಿಲ್ಲವರು, ಈಡಿಗರು, ಹಳೆಪೈಕರಂಥ ಸಮುದಾಯಗಳ ಊರೊಳಗಿನ ಕಸುಬಾಗಿ ಬೆಳೆಯಿತು. ತುಳುನಾಡಿನ ಕೆಲವು ದೈವಗಳಿಗೂ ಸಲ್ಲಿತು. ಕನ್ನಡ ನಾಡಿನಲ್ಲಿ ಈ ಹೆಂಡ ಹಿಂದೆ ಸರಿದು ಸಾರಾಯಿ, ಬ್ರಾಂದಿಗಳು ಮುಂದೆ ಬಂದದ್ದಕ್ಕೆ ಜನರ ರುಚಿ ಬದಲಾದದ್ದಕ್ಕಿಂತ ಬೊಕ್ಕಸದ ಲೆಕ್ಕಾಚಾರವೇ ದೊಡ್ಡ ಕಾರಣ.

ಸಾವಿರಾರು ಮರಗಳ ನೆತ್ತಿಯಲ್ಲಿ ದಿನದಿನವೂ ಹುಟ್ಟಿ ದಿನದಿನವೂ ಮುಗಿಯುವುದನ್ನು ಯಾವ ಅಧಿಕಾರಿ ಅಳೆದಾನು? ಧಾರವಾಡ, ಕಾರವಾರಗಳಿಗೆ ಅನ್ವಯಿಸಿದ 1878ರ ಮುಂಬಯಿ ಅಬಕಾರಿ ಕಾಯ್ದೆಯೂ ಮಂಗಳೂರು, ಬಳ್ಳಾರಿಗಳಿಗೆ ಅನ್ವಯಿಸಿದ 1886ರ ಮದ್ರಾಸ್ ಅಬಕಾರಿ ಕಾಯ್ದೆಯೂ ಈ ತೊಡಕನ್ನು ಬಿಡಿಸಲು ಹೊರಟವು. ರಸ ಇಳಿಸಲು ಪರವಾನಗಿ ಬೇಕಾಯಿತು, ಮರಕ್ಕೆ ತೆರಿಗೆ ಬಿತ್ತು, ಅಂಗಡಿಗಳು ಹರಾಜಿಗೆ ಬಂದವು. ಊರೂರಿನ ಸಣ್ಣ ಭಟ್ಟಿಗಳ ಜಾಗದಲ್ಲಿ ಸರ್ಕಾರದ ಕಾವಲಿನ ದೊಡ್ಡ ಭಟ್ಟಿಗಳು ತಲೆಯೆತ್ತಿದವು. ಸಾರಾಯಿ ಕೆಡುವುದಿಲ್ಲ, ಪೀಪಾಯಿಗೆ ತುಂಬಿ, ಅಳೆದು, ಮುದ್ರೆ ಹಾಕಿ ದೂರದೂರಿಗೆ ಸಾಗಿಸಬಹುದು. ಹೆಂಡದಲ್ಲಿ ಮದ್ಯಸಾರ ನೂರಕ್ಕೆ ನಾಲ್ಕೈದು ಪಾಲು. ಸಾರಾಯಿಯಲ್ಲಿ ಅದರ ಹಲವು ಪಟ್ಟು. ಸರ್ಕಾರದ ಲೆಕ್ಕಕ್ಕೆ ಸುಲಭವಾಗಿ ಸಿಕ್ಕಿದ್ದೇ ಕುಡಿಯುವವನ ಒಡಲಿಗೆ ಹೆಚ್ಚು ಕೇಡಿನದೂ ಆಗಿತ್ತು.

ಕುಡಿತದ ವಿರೋಧ ಬ್ರಿಟಿಷರಿಗಿಂತ ಹಳೆಯದು, ಅದನ್ನು ಮರೆತು ಎಲ್ಲವನ್ನೂ ತೆರಿಗೆಯ ತಲೆಗೆ ಕಟ್ಟಬಹುದೇ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಟಿಪ್ಪು ಸುಲ್ತಾನ್ ಪಾನನಿಷೇಧಕ್ಕೆ ಮುಂದಾಗಿದ್ದ. 1912ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದ ನಾರಾಯಣ ಗುರುಗಳು ಮದ್ಯವನ್ನು ತಯಾರಿಸಬೇಡಿ, ಕೊಡಬೇಡಿ, ಕುಡಿಯಬೇಡಿ ಎಂದೇ ಬೋಧಿಸಿದರು. ಅವರ ಮಾತನ್ನು ಹಗುರವಾಗಿ ಕಾಣುವಂತಿಲ್ಲ. ಹೆಂಡ ಕುಡಿಯುತ್ತಿದ್ದ ಸಮಾಜವೇ ಅದನ್ನು ಇಳಿಸಿಕೊಟ್ಟವನನ್ನು ಕೀಳಾಗಿ ಕಂಡಿತ್ತು; ಆ ಅವಮಾನದಿಂದ ಹೊರಬರುವ ಹಾದಿಯನ್ನು ಗುರುಗಳು ತೋರಿಸಿದರು. ಹೆಂಡದಿಂದ ಹಾಳಾದ ಮನೆಗಳೂ ಇದ್ದವು. ಆದರೆ ಇಂಥ ವಿರೋಧಗಳು ಸರ್ಕಾರದ ನಡೆಯನ್ನು ವಿವರಿಸುವುದಿಲ್ಲ. ಸುಧಾರಕರು ಕುಡಿತವೇ ಬೇಡವೆಂದರು. ಆಳುವವರು ತೆರಿಗೆ ಕೊಡದ ಕುಡಿತ ಬೇಡವೆಂದರು. 1939ರಲ್ಲಿ ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ ನಿಜಲಿಂಗಪ್ಪನವರ ಮುಂದಾಳುತನದಲ್ಲಿ ಸತ್ಯಾಗ್ರಹಿಗಳು ಈಚಲು ಮರ ಕಡಿದಾಗ ಮೈಸೂರು ಸರ್ಕಾರ ಅವರನ್ನು ಬಂಧಿಸಿತು. ಆ ಕೊಡಲಿಯ ಏಟು ಹೆಂಡಕ್ಕೂ ಬಿತ್ತು, ಸರ್ಕಾರದ ಆದಾಯಕ್ಕೂ ಬಿತ್ತು.

ಪಾನನಿಷೇಧಕ್ಕೆ ಶ್ರಮಿಸಬೇಕೆಂದು ಸಂವಿಧಾನದ 47ನೆಯ ವಿಧಿ ಹೇಳುತ್ತದೆ. ಕರ್ನಾಟಕ 2007ರ ಜುಲೈ 1ರಿಂದ ಸಾರಾಯಿಯನ್ನು ನಿಲ್ಲಿಸಿತು. ಕೂಲಿಯ ಹಣವೆಲ್ಲ ಸಾರಾಯಿ ಅಂಗಡಿಗೆ ಸೋರುವುದನ್ನು ಕಂಡಿದ್ದ ಹೆಂಗಸರಿಗೆ ಅದು ದೊಡ್ಡ ಆಸೆ ಹುಟ್ಟಿಸಿದ ತೀರ್ಮಾನ. ಆದರೆ ಸಾರಾಯಿಯ ಜಾಗಕ್ಕೆ ಅಗ್ಗದ ಬ್ರಾಂದಿ, ವಿಸ್ಕಿ ಬಂದವು. ಇಂದು ರಾಜ್ಯದ ಅಬಕಾರಿ ಆದಾಯ ವರ್ಷಕ್ಕೆ 30,000 ಕೋಟಿ ರೂಪಾಯಿಗೂ ಮಿಕ್ಕಿದೆ, ಹೆಂಡ ಇಳಿಸುವ ಕಸುಬಿಗೆ ಕಾನೂನಿನ ಆಸರೆ ಮುಖ್ಯವಾಗಿ ಕರಾವಳಿಯಲ್ಲಷ್ಟೇ ಉಳಿದಿದೆ. ಹೆಂಡವನ್ನು ಮೆರೆಸಬೇಕೆಂದು ನಾನು ವಾದಿಸುತ್ತಿಲ್ಲ. ಯಾವ ಮದ್ಯ ಎಷ್ಟು ಕೇಡು ಮಾಡುತ್ತದೆ ಎಂದು ನಿರ್ಧರಿಸುವ ಕೆಲಸ ಆರೋಗ್ಯ ಬಲ್ಲವರದಾಗಬೇಕು. ವರ್ಷವರ್ಷವೂ ಅಬಕಾರಿ ಗುರಿ ಏರಿಸುವ ಕೈಗೇ ಅದನ್ನು ಬಿಟ್ಟಿರುವಷ್ಟು ಕಾಲ ನಮ್ಮ ಪಾನನೀತಿ ಬಡವನ ಮನೆಯನ್ನು ಕಾಯಲಾರದು.