ಹುಣ್ಣಿನ ಚರಿತ್ರೆ ಪರ್ತ್‌ನಲ್ಲಿ ಶುರುವಾದದ್ದಲ್ಲ

ಹೊಟ್ಟೆಹುಣ್ಣಿಗೆ ಹೆಲಿಕೋಬ್ಯಾಕ್ಟರ್ ಪೈಲೋರಿ ಕಾರಣ, ಅದನ್ನು ಕೊಂದರೆ ಮುಗಿಯಿತು ಎಂಬ ಮಾತು ಈಗ ಎಲ್ಲರ ಬಾಯಲ್ಲಿದೆ. ಎದೆಯುರಿ, ಹುಳಿತೇಗು, ‘ಗ್ಯಾಸ್ಟ್ರಿಕ್’ ಎಂದು ಬಂದವರಿಗೆ ಪರೀಕ್ಷೆಯನ್ನೇ ಮಾಡದೆ ಎರಡು ಆ್ಯಂಟಿಬಯೋಟಿಕ್ ಬರೆದುಕೊಟ್ಟ ಚೀಟಿಗಳು ನಮ್ಮ ಎಂಡೋಸ್ಕೋಪಿ ಕೋಣೆಗೆ ಬರುತ್ತಲೇ ಇವೆ. ಈ ಲೇಖನಕ್ಕೆ ಆ ಚೀಟಿಗಳೇ ಪ್ರೇರಣೆ.

ಇಟಲಿಯ ಬಿಜ್ಜೊಜೆರೊ 1893ರಲ್ಲೇ ನಾಯಿಯ ಜಠರದಲ್ಲಿ ಸುರುಳಿ ಜೀವಾಣುಗಳನ್ನು ಕಂಡಿದ್ದರು. 1954ರಲ್ಲಿ ಅಮೆರಿಕದ ಪಾಮರ್ ಮನುಷ್ಯರ ಜಠರದ ಸಾವಿರಕ್ಕೂ ಹೆಚ್ಚು ಬಯಾಪ್ಸಿ ನೋಡಿ ಅಂಥದ್ದೇನೂ ಇಲ್ಲವೆಂದರು. ಜೀವಾಣುವನ್ನು ಎತ್ತಿ ತೋರಿಸುವ ಬೆಳ್ಳಿ ಲವಣದ ಬಣ್ಣವನ್ನು ಅವರು ಬಳಸಿರಲಿಲ್ಲ. ಆಮ್ಲವಿಲ್ಲದೆ ಹುಣ್ಣಿಲ್ಲ ಎಂಬ ಸೂತ್ರವೇ ಉಳಿಯಿತು.

ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರೆನ್ 1979ರಲ್ಲಿ ಮತ್ತೆ ಅದೇ ಸುರುಳಿಗಳನ್ನು ಕಂಡರು. 1982ರ ಈಸ್ಟರ್ ರಜೆಯಲ್ಲಿ ಪ್ರಯೋಗಾಲಯದ ಕೃಷಿ ತಟ್ಟೆಗಳನ್ನು ಹೆಚ್ಚು ದಿನ ಬಿಟ್ಟಿದ್ದರಿಂದ ಜೀವಾಣು ಬೆಳೆಯಿತು. 1984ರಲ್ಲಿ ವಾರೆನ್ ಅವರ ಸಹೋದ್ಯೋಗಿ ಬ್ಯಾರಿ ಮಾರ್ಷಲ್ ಅದನ್ನು ತಾವೇ ಕುಡಿದು ಜಠರದ ಉರಿಯೂತ ತಂದುಕೊಂಡರು. ಇಬ್ಬರಿಗೂ 2005ರಲ್ಲಿ ನೊಬೆಲ್ ಬಂತು. ನಮ್ಮ ತಲೆಮಾರಿನ ವೈದ್ಯರು ಇದರ ಫಲವನ್ನು ಕಣ್ಣಾರೆ ಕಂಡಿದ್ದೇವೆ. ವಾಸಿಯಾಗಿ ಮರುಕಳಿಸುತ್ತಿದ್ದ ಡ್ಯುವೋಡಿನಮ್ (ಸಣ್ಣ ಕರುಳಿನ ಮೊದಲ ಭಾಗ) ಹುಣ್ಣು ಎರಡು ವಾರದ ಮಾತ್ರೆಗೆ ಮಾಯವಾಗತೊಡಗಿತು, ಆಮ್ಲ ತಗ್ಗಿಸಲು ಜಠರದ ನರ ಕತ್ತರಿಸುವ ಶಸ್ತ್ರಚಿಕಿತ್ಸೆ ಅಪರೂಪವಾಯಿತು. ಇದಕ್ಕಿಂತ ದೊಡ್ಡ ಗೆಲುವು ಜೀರ್ಣಾಂಗ ವೈದ್ಯದಲ್ಲಿ ನನ್ನ ಕಾಲದಲ್ಲಿ ಇನ್ನೊಂದಿಲ್ಲ.

ಆದರೆ ಸೋಂಕು ತಗುಲಿದವರಲ್ಲಿ ಹುಣ್ಣಾಗುವುದು ನೂರಕ್ಕೆ ಹತ್ತು-ಹದಿನೈದು ಮಂದಿಗಷ್ಟೇ. ಮಿಕ್ಕವರಿಗೆ ಯಾಕಿಲ್ಲ? ಈ ಪ್ರಶ್ನೆಯ ಹಾದಿಯಲ್ಲಿ ಬಹಳ ಮುಂದೆ ಹೋಗಿದ್ದವರು ನಮ್ಮ ನಾಡಿನಲ್ಲೇ ದುಡಿದವರು. ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1950-60ರ ದಶಕಗಳಲ್ಲಿ ಶಸ್ತ್ರವೈದ್ಯರಾಗಿದ್ದ ಫ್ರಾಂಕ್ ಟೋವಿ, ಅನ್ನ ಉಣ್ಣುವ ದಕ್ಷಿಣದಲ್ಲಿ ಹುಣ್ಣು ಯಾಕೆ ಇಷ್ಟು, ಗೋಧಿ ತಿನ್ನುವ ಉತ್ತರದಲ್ಲಿ ಯಾಕೆ ಕಡಿಮೆ ಎಂದು ಕೇಳಿದರು. ರೈಲ್ವೆ ವೈದ್ಯ ಎಸ್. ಎಲ್. ಮಲ್ಹೋತ್ರಾ ದೇಶದುದ್ದದ ರೈಲ್ವೆ ನೌಕರರಲ್ಲಿ ಇದೇ ಅಂತರವನ್ನು 1964ರಲ್ಲಿ ವರದಿ ಮಾಡಿದರು. ಟೋವಿ ತಮ್ಮ ದೇಶಕ್ಕೆ ಮರಳಿದ ಮೇಲೂ ಈ ಪ್ರಶ್ನೆಯನ್ನು ಬಿಡಲಿಲ್ಲ. ಸಂಗಡಿಗರೊಂದಿಗೆ ಪ್ರಾಣಿಗಳ ಮೇಲೆ ಪರೀಕ್ಷಿಸಿ, ಹುರುಳಿಕಾಳಿನ ಕೊಬ್ಬಿನಂಶ ಜಠರವನ್ನು ಹುಣ್ಣಿನಿಂದ ಕಾಯುತ್ತದೆಂದು ತೋರಿಸಿದರು. ಜೀವಾಣುವಿನ ಸೋಂಕು ಎರಡೂ ಕಡೆ ವ್ಯಾಪಕವಾಗಿರುವಾಗ, ಹುಣ್ಣಿನ ಈ ಅಂತರಕ್ಕೆ ಅದೊಂದೇ ಉತ್ತರವಾಗದು ಎಂಬುದು ಅವರ ವಾದ. ನನಗೆ ಅದು ಇಂದಿಗೂ ಸರಿಯೆನಿಸುತ್ತದೆ. ನೊಬೆಲ್‌ನ ಬೆಳಕಿನಲ್ಲಿ ಈ ಕೆಲಸ ಮರೆಯಾದದ್ದು ಅನ್ಯಾಯ.

ಕ್ಯಾನ್ಸರಿನ ವಿಷಯದಲ್ಲೂ ಇದೇ ತೊಡಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1994ರಲ್ಲಿ ಈ ಜೀವಾಣುವನ್ನು ಕ್ಯಾನ್ಸರ್‌ಕಾರಕ ಎಂದು ಘೋಷಿಸಿತು. ಜಪಾನಿನ ಉಯೆಮುರಾ ತಂಡ 2001ರಲ್ಲಿ ಪ್ರಕಟಿಸಿದಂತೆ, ಸೋಂಕಿದ್ದ 1,246 ಮಂದಿಯಲ್ಲಿ 36 ಜನರಿಗೆ ಜಠರದ ಕ್ಯಾನ್ಸರ್ ಬಂತು, ಸೋಂಕಿಲ್ಲದವರಲ್ಲಿ ಒಬ್ಬರಿಗೂ ಬರಲಿಲ್ಲ. ಭಾರತದಲ್ಲಿ ಸೋಂಕು ಹೇರಳ, ಜಠರದ ಕ್ಯಾನ್ಸರ್ ಕಡಿಮೆ. ಮಿಜೋರಾಂನಲ್ಲಿ ಮಾತ್ರ ಅದು ವಿಪರೀತ. ಅಲ್ಲಿಯ ಅಧ್ಯಯನಗಳು ಹೊಗೆಯಲ್ಲಿ ಒಣಗಿಸಿದ ಮಾಂಸವನ್ನೂ ತಂಬಾಕನ್ನೂ ಬೊಟ್ಟುಮಾಡುತ್ತವೆ.

ಇತ್ತ ಔಷಧವೂ ಸೋಲುತ್ತಿದೆ. ಕ್ಲಾರಿತ್ರೋಮೈಸಿನ್ ಎಂಬ ಆ್ಯಂಟಿಬಯೋಟಿಕ್‌ಗೆ ಬಗ್ಗದ ಪೈಲೋರಿಯನ್ನು 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಹೊಸ ಔಷಧ ತುರ್ತಾಗಿ ಬೇಕಾದ ಜೀವಾಣುಗಳ ಆದ್ಯತೆಯ ಪಟ್ಟಿಗೆ ಸೇರಿಸಿತು. ಇನ್ನೊಂದು ಆ್ಯಂಟಿಬಯೋಟಿಕ್ ಮೆಟ್ರೊನಿಡಜೋಲ್ ನಮ್ಮಲ್ಲಿ ಹಿಂದೆಯೇ ಮೊಂಡಾಗಿದೆ. ಆಮ್ಲ ತಗ್ಗಿಸುವ ಮಾತ್ರೆಯನ್ನು ಎರಡು ವಾರ ನಿಲ್ಲಿಸದೆ ಉಸಿರಿನ ಪರೀಕ್ಷೆ ಮಾಡಿಸಿದರೆ ಇರುವ ಸೋಂಕೂ ಕಾಣದೆ ಹೋಗಬಹುದು. ಇಷ್ಟನ್ನು ನೋಡಿಕೊಳ್ಳದೆ ಬರೆದ ಪ್ರತಿ ಚೀಟಿಯೂ ಮುಂದಿನ ರೋಗಿಯ ಔಷಧವನ್ನು ಕಸಿಯುತ್ತಿದೆ. ಯಾವ ಊರಿನಲ್ಲಿ ಯಾವ ಔಷಧ ಕೆಲಸ ಮಾಡುತ್ತಿದೆ ಎಂದು ಜಿಲ್ಲೆಜಿಲ್ಲೆಗೂ ಅಳೆದಿಡಬೇಕು, ಆ ಲೆಕ್ಕದ ಪಕ್ಕದಲ್ಲೇ ಅಲ್ಲಿಯವರ ಊಟವನ್ನೂ ದಾಖಲಿಸಬೇಕು.